ಹಿಂದಿನ ಸೀಟಿನವನು ಮಾಡಿದ ಕಾರು

ಆ ಕಾರಿನ ಹಿಂಬಾಗಿಲ ಹಿಡಿಕೆಯನ್ನು ನಾನು ಹನ್ನೊಂದು ಸಲ ಮಾಡಿದೆ. ಹಿತ್ತಾಳೆಯ ಸಣ್ಣ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು, ಅರದಿಂದ ತಿಕ್ಕಿ, ತುದಿಯನ್ನು ತುಸು ಕೆಳಕ್ಕೆ ಬಗ್ಗಿಸಬೇಕು. ಉದ್ದ ಒಂದು ಅಕ್ಕಿಕಾಳಿನಷ್ಟು. ಬಗ್ಗಿದ್ದು ಹೆಚ್ಚಾದರೆ ಕೊಕ್ಕೆ, ಕಡಿಮೆಯಾದರೆ ಬರೀ ಮೊಳೆ. ಹನ್ನೊಂದನೆಯದು ಸರಿಯಾಗಿ ಬಂತು. ಶಾಲೆಯಲ್ಲಿ ನನ್ನ ಜೊತೆಗಿದ್ದ ಮಾಸ್ಟ್ರೊಬ್ಬರು ಅದನ್ನು ನೋಡಿ, "ಚೆಂದ ಉಂಟು. ಮಕ್ಕಳಿಗೆ ಆಡಲಿಕ್ಕಾ?" ಎಂದು ಕೇಳಿದರು. ಅವತ್ತಿನಿಂದ ನಾನು ಅವರ ಜೊತೆ ಬುತ್ತಿ ಬಿಚ್ಚಿ ಕೂರುವುದನ್ನು ಬಿಟ್ಟೆ.

ನನ್ನ ಸಿಟ್ಟು ಹಾಗೆಯೇ. ಬಂದರೆ ಹೋಗುವುದಿಲ್ಲ. ಅದರಲ್ಲೂ ಈ ಕಾರಿನ ವಿಷಯದಲ್ಲಿ ಒಬ್ಬ ಮನುಷ್ಯನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಐವತ್ತರ ದಶಕದ ಬಹುಭಾಗ ಕಳೆದುಹೋಯಿತು, ಅರವತ್ತರ ದಶಕದ ಮೊದಲ ಕೆಲವು ವರ್ಷಗಳೂ ಹೋದವು. ಅವನು ನನ್ನ ಅಪ್ಪನ ತಂಗಿಯ ಮಗ. ವರಸೆಯಲ್ಲಿ ಭಾವ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವನು. ಎದುರಿಗೆ ನಾನು 'ನೀವು' ಎನ್ನುತ್ತಿದ್ದೆ, ಬೆನ್ನ ಹಿಂದೆ 'ಅವನು'. ಬರೆಯುವಾಗ ಯಾರ ಹೆದರಿಕೆಯೂ ಇಲ್ಲವಾದ್ದರಿಂದ ಇಲ್ಲಿ ಅವನು ಎಂದೇ ಬರೆಯುತ್ತೇನೆ.

ನಮ್ಮದು ಅಳಿಯಸಂತಾನದವರ ಕುಟುಂಬ. ಮನೆ, ಗದ್ದೆ, ಯಜಮಾನಿಕೆ ಯಾವುದೂ ಅಪ್ಪನಿಂದ ಮಗನಿಗೆ ಬರುವುದಿಲ್ಲ. ಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ಮಕ್ಕಳು ತಾಯಿಯ 'ಬಳಿ'ಗೆ, ಅಂದರೆ ತಾಯಿಯ ಕಡೆಯ ಗೋತ್ರಕ್ಕೆ ಸೇರಿದವರು, ಅಪ್ಪನ ಮನೆಯಲ್ಲಿ ಅಪ್ಪ ಇರುವಷ್ಟು ದಿನದ ನೆಂಟರು. ನನ್ನ ಅಪ್ಪ ನರಿಕೊಂಬಿನಲ್ಲಿ ಹೊಳೆಬದಿಯ ದೊಡ್ಡ ಮನೆಯೊಂದರ ಯಜಮಾನರಾಗಿದ್ದರು. ನಾನು ಹುಟ್ಟಿದ್ದು, ಈಜು ಕಲಿತದ್ದು, ಏಟು ತಿಂದದ್ದು ಎಲ್ಲ ಅಲ್ಲಿಯೇ. ಅಪ್ಪ ತೀರಿಕೊಂಡು ಉತ್ತರಕ್ರಿಯೆ ಮುಗಿದ ಮರುವಾರ ಅಮ್ಮ ಎರಡು ಟ್ರಂಕು ಕಟ್ಟಿದರು, ನಾವಿಬ್ಬರೂ ಬೆಳುವಾಯಿಯ ಅಮ್ಮನ ಮನೆಗೆ ಬಂದೆವು. ಯಾರೂ ನಮ್ಮನ್ನು ಹೊರಗೆ ಹಾಕಲಿಲ್ಲ. ಹೋಗಿ ಎಂದು ಯಾರೂ ಹೇಳಲೂ ಇಲ್ಲ. ಕಟ್ಟಳೆಯೇ ಹೇಳುವಾಗ ಮನುಷ್ಯರು ಯಾಕೆ ಬಾಯಿ ನೋಯಿಸಿಕೊಳ್ಳಬೇಕು?

ಗದ್ದೆ ಹೋದದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಅದು ನನ್ನದಲ್ಲ ಎಂದು ಕೇಳಿಕೊಂಡೇ ಬೆಳೆದಿದ್ದೆ. ಆದರೆ ಕಾರು? ಅದು ಕುಟುಂಬದ ಕಾರಲ್ಲ, ಅಪ್ಪನ ಕಾರು. ಘಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಬಿಟ್ಟುಹೋದದ್ದನ್ನು ಅಪ್ಪ ತಾವೇ ಹೋಗಿ ಚಾರ್ಮಾಡಿ ಇಳಿಸಿಕೊಂಡು ಬಂದಿದ್ದರು. ಕಡು ಹಸಿರು ಬಣ್ಣ, ಕಪ್ಪು ಮಡ್ಗಾರ್ಡು, ಮಡಚುವ ಬಟ್ಟೆಯ ಹುಡ್ಡು, ಕಡ್ಡಿಕಡ್ಡಿಯ ಚಕ್ರ. ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಅದು ಹೋದರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ಅಪ್ಪ ಸ್ಟೇರಿಂಗ್ ಹಿಡಿದರೆ ಪಕ್ಕದಲ್ಲಿ ಅವನು, ಮುಂದಿನ ಯಜಮಾನ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ನಾನು. ನಾನು ಒಂದು ದಿನವೂ ಮುಂದೆ ಕೂತವನಲ್ಲ. ಕಾರು ನಿಂತಿರುವಾಗಲೂ ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಶೆಡ್ಡಿಗೆ ಬೀಗ, ಬೀಗದ ಕೈ ಅವನ ಉಡಿದಾರದಲ್ಲಿ.

ಅಪ್ಪ ಸತ್ತು ಎರಡು ವರ್ಷ ಆಗುವಷ್ಟರಲ್ಲಿ ಅವನು ಎಂಜಿನ್ ಬಿಚ್ಚಿಸಿ, ಹೊಳೆಯಿಂದ ಗದ್ದೆಗೆ ನೀರೆತ್ತುವ ಪಂಪಿಗೆ ಕಟ್ಟಿಸಿದ. ಉಳಿದ ಒಡಲಿನಲ್ಲಿ ಸ್ವಲ್ಪ ದಿನ ಕೋಳಿ ಮೊಟ್ಟೆಯಿಟ್ಟವು. ಆಮೇಲೆ ಮೆಲ್ಕಾರಿನ ಹಳೆ ಕಬ್ಬಿಣದವನೊಬ್ಬ ಬಂದು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದನಂತೆ. ಈ ಸುದ್ದಿ ನನಗೆ ಮೂಡುಬಿದಿರೆಯ ಬಸ್ಸಿನಲ್ಲಿ ಯಾರೋ ಪರಿಚಿತರಿಂದ ಗೊತ್ತಾಯಿತು. ಒಂದು ಮಾತು ಹೇಳಿ ಕಳಿಸಿದ್ದರೆ ಅದರ ಹಾರ್ನ್ ಒಂದನ್ನಾದರೂ ಬಿಚ್ಚಿ ತರುತ್ತಿದ್ದೆ.

ಕಾರನ್ನು ಮಾಡುವ ಯೋಚನೆ ಹುಟ್ಟಿದ್ದು ಆ ಬಸ್ಸಿನಲ್ಲಿಯೇ. ಆಗ ನಾನು ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ಕೈಕೆಲಸದ ಮಾಸ್ಟ್ರು. ತಕಲಿಯಲ್ಲಿ ನೂಲುವುದು, ರಟ್ಟಿನ ಡಬ್ಬಿ ಮಾಡುವುದು, ಸಣ್ಣಪುಟ್ಟ ಮರಗೆಲಸ, ಇಷ್ಟನ್ನು ಕಲಿಸುತ್ತಿದ್ದೆ. ಅರ, ಉಳಿ, ಗರಗಸ ಕೈಗೆ ಒಗ್ಗಿದ್ದವು. ಏನು ಮಾಡಬೇಕೆಂಬುದೂ ಸ್ಪಷ್ಟವಿತ್ತು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ನಮ್ಮವರು ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಅವರಿಗೆ ಏನು ಇಷ್ಟವಿತ್ತೋ ಅದನ್ನು ಎಲೆಯ ಮೇಲೋ ಪಕ್ಕದಲ್ಲೋ ಇಡುತ್ತಾರೆ. ಅಪ್ಪನ ಎಲೆಯ ಬದಿಯಲ್ಲಿ ಅವರ ಕಾರನ್ನು ನಾನು ನನ್ನ ಕೈಯಾರೆ ಇಡಬೇಕು. ಇಟ್ಟು, ಅವರು ಕಣ್ಣುಮುಚ್ಚಿದ ಮೇಲೆ ಏನೇನಾಯಿತು, ಯಾರು ಏನು ಮಾಡಿದರು ಎಂಬುದನ್ನೆಲ್ಲ ಅವನ ಎದುರಿಗೇ ಅಪ್ಪನಿಗೆ ಹೇಳಬೇಕು. ದೂರು ಕೊಡಲು ನನಗೆ ಬೇರೆ ಕಚೇರಿ ಇರಲಿಲ್ಲ.

ಇದರಲ್ಲಿ ತೊಡಕೊಂದಿತ್ತು. ಸತ್ತವರಿಗೆ ಬಡಿಸುವುದು ಅವರವರ ಬಳಿಯ ಮನೆಯಲ್ಲಿ. ಬೆಳುವಾಯಿಯಲ್ಲಿ ಅಮ್ಮನ ಕಡೆಯ ಹಿರಿಯರಿಗೆ ಎಲೆ ಬೀಳುತ್ತಿತ್ತು, ಅಪ್ಪನಿಗೆ ಇಲ್ಲ. ಅಪ್ಪನ ಎಲೆ ನರಿಕೊಂಬಿನಲ್ಲಿ, ಬಡಿಸುವವನು ಅವನು.

"ಅಲ್ಲಿ ಇಟ್ಟದ್ದು ಅಲ್ಲಿಗೇ. ಹಿರಿಯರಿಗೆ ಇಟ್ಟದ್ದನ್ನು ವಾಪಸ್ ತರ್ಲಿಕ್ಕಿಲ್ಲ, ಗೊತ್ತುಂಟಲ್ಲ?" ಎಂದರು ಅಮ್ಮ. "ಮತ್ತೆ ಅದೂ ಅವನಿಗೇ ಆಗ್ತದೆ."

"ಆಗಲಿ. ಅಪ್ಪ ನೋಡಿದ ಮೇಲೆ ಆಗಲಿ."

"ಸತ್ತವರಿಗೆ ಕಾರು ಎಂತಕ್ಕೆ ಮಾರಾಯ? ಅವರಿಗೆ ಈಗ ಹೋಗುವ ಊರಾದ್ರೂ ಯಾವುದುಂಟು?"

ಹೀಗೆ ಬಾಯಲ್ಲಿ ಬೈದರೂ, ಸಂಜೆ ನಾನು ಕೆಲಸಕ್ಕೆ ಕೂತರೆ ಅವರೂ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಫೋಟೋ ಒಂದೂ ಇರಲಿಲ್ಲ. ಇದ್ದದ್ದು ನಮ್ಮಿಬ್ಬರ ನೆನಪು. ಅಡಿಗೊಂದು ಇಂಚಿನಂತೆ ಅಳತೆ ಹಿಡಿದೆ. ಒಡಲಿಗೆ ಹಾಲೆ ಮರ. ಮೆತ್ತಗೆ, ಉಳಿಗೆ ಬೇಗ ಬಗ್ಗುತ್ತದೆ. ಚಕ್ರದ ಕಡ್ಡಿಗಳಿಗೆ ಸೈಕಲ್ಲಿನ ಬ್ರೇಕ್ ತಂತಿಯನ್ನು ಬಿಚ್ಚಿ ಎಳೆಎಳೆ ಮಾಡಿದೆ. ಒಂದು ಚಕ್ರಕ್ಕೆ ನಲವತ್ತು ಕಡ್ಡಿ. ಒಂದು ಸಡಿಲವಾದರೆ ನಲವತ್ತನ್ನೂ ಬಿಚ್ಚಬೇಕು. ಹುಡ್ಡಿಗೆ ಹಳೆ ಕೊಡೆಯ ಬಟ್ಟೆ. ದೀಪಕ್ಕೆ ವಾಚು ರಿಪೇರಿಯವನಲ್ಲಿ ಬೇಡಿ ತಂದ ಹೆಂಗಸರ ವಾಚಿನ ಗಾಜು. ರೇಡಿಯೇಟರಿನ ಜಾಲರಿಗೆ ಚಹಾ ಸೋಸುವ ಜಾಲರಿ. ಮೂರು ಮಳೆಗಾಲ ಇದರಲ್ಲೇ ಹೋಯಿತು.

ಕಾರಿನ ಆಕಾರ ಮೊದಲ ವರ್ಷವೇ ಬಂದಿತ್ತು. ಉಳಿದ ಎರಡು ವರ್ಷ ಹೋದದ್ದು ಸಣ್ಣ ಸಣ್ಣ ಕೆಲಸದಲ್ಲಿ. ಹಿಂದಿನ ಸೀಟಿನ ಚರ್ಮ ಎಡಬದಿಯಲ್ಲಿ ಎರಡು ಕಡೆ ಬಿರಿದಿತ್ತು ಎಂದು ಅಮ್ಮ ಹೇಳಿದರು; ಸೂಜಿಯಿಂದ ಬಿರಿಸಿದೆ. ಅಪ್ಪನ ಸೀಟಿನ ಬೆನ್ನಿನ ಮೇಲೆ ಬೆವರು ತಾಗಿ ಕಪ್ಪಗಾದ ಜಾಗವೊಂದಿತ್ತು. ಎಣ್ಣೆ ಮಸಿ ಹಚ್ಚಿ, ಒರೆಸಿ, ಮತ್ತೆ ಹಚ್ಚಿದೆ. ಹುಡ್ಡಿನ ಕಿಟಕಿಯಲ್ಲಿ ಮೂಲೆ ಹಳದಿಯಾಗಿತ್ತು. ಹಿಂದಿನ ಎಡ ಮಡ್ಗಾರ್ಡಿನಲ್ಲಿ, ಸೇತುವೆಯ ಕಲ್ಲಿಗೆ ತಾಗಿ ಬಿದ್ದ ತಗ್ಗೊಂದಿತ್ತು. ಅದನ್ನು ಮಾಡಲು ಒಳ್ಳೆಯ ಮಡ್ಗಾರ್ಡನ್ನು ಬಡಿದು ಹಾಳು ಮಾಡಬೇಕಾಯಿತು. ಇಷ್ಟೆಲ್ಲ ನೆನಪಿದ್ದುದಕ್ಕೆ ನನಗೆ ಜಂಬ ಬಂದಿತ್ತು. ಅವನಿಗೆ ಕೋಳಿ ಕಟ್ಟುವ ಗೂಡಾಗಿದ್ದದ್ದು ನಮಗೆ ಕಣ್ಣಿಗೆ ಕಟ್ಟಿದ ಹಾಗಿದೆ, ನೋಡಲಿ, ಎಂದುಕೊಳ್ಳುತ್ತಿದ್ದೆ.

ಮುಂಭಾಗದ ಒಳಗಿನ ವಿವರಗಳಲ್ಲಿ ಮಾತ್ರ ಸ್ವಲ್ಪ ಅನುಮಾನವಿತ್ತು. ಬೆಳ್ತಂಗಡಿಯಲ್ಲಿ ಡಾಕ್ಟರೊಬ್ಬರ ಹತ್ತಿರ ಅದೇ ಜಾತಿಯ ಕಾರಿದೆ ಎಂದು ತಿಳಿದು ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ರೋಗಿಗಳ ಸಾಲಿನಲ್ಲಿ ಕೂತು, ನನ್ನ ಸರದಿ ಬಂದಾಗ ಕಾಯಿಲೆ ಏನೂ ಇಲ್ಲ, ಕಾರು ನೋಡಬೇಕು ಎಂದೆ. ಡಾಕ್ಟರಿಗೆ ಸಿಟ್ಟು ಬಂತು. ಆದರೂ ಐದು ನಿಮಿಷ ನೋಡಲು ಬಿಟ್ಟರು. ಮೀಟರು ನಾಲ್ಕು, ಕೆಳಗೆ ಕ್ಲಚ್ಚು, ಬ್ರೇಕು, ಎಕ್ಸಲೇಟರ್ ಎಂದು ಚೀಟಿಯಲ್ಲಿ ಚಿತ್ರ ಬರೆದುಕೊಂಡೆ. ಹಿಂದಿನ ಸೀಟಿನಿಂದ ನೋಡಿದರೆ ಅಪ್ಪನ ಮುಂದೆಯೂ ಸಾಲಾಗಿ ನಾಲ್ಕು ದುಂಡಗಿನವು ಹೊಳೆಯುತ್ತಿದ್ದವು. ಅಮ್ಮನೂ ನಾಲ್ಕೇ ಎಂದರು. ಅನುಮಾನ ಬಗೆಹರಿಯಿತು.

ಆ ವರ್ಷದ ಆಟಿಗೆ ಮುಂಚೆ, ಅಪ್ಪನಿಗೆ ಬಡಿಸುವ ದಿನ ಬರುತ್ತೇನೆಂದು ಅವನಿಗೆ ಒಂದು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಬರದಿದ್ದದ್ದು ಒಳ್ಳೆಯದೇ ಆಯಿತು, ಸಿಟ್ಟು ಆರದೆ ಉಳಿಯಿತು. ಕಾರನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಂಟು, ಅರ, ಚಿಮುಟ ಇದ್ದ ಸಣ್ಣ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಪೆಟ್ಟಿಗೆ ಅಲುಗದಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದವನು ಮೊಟ್ಟೆಯಾ ಎಂದು ಕೇಳಿದ. ಹೌದು ಎಂದೆ. ಪಾಣೆಮಂಗಳೂರು ಸೇತುವೆ ದಾಟಿ ಇಳಿದು, ಮಳೆಯಲ್ಲಿ ಕೊಡೆಯನ್ನು ನನಗಿಂತ ಹೆಚ್ಚು ಪೆಟ್ಟಿಗೆಗೆ ಹಿಡಿದು ನಡೆದೆ. ಮನೆ ಮುಟ್ಟುವಾಗ ಮಧ್ಯಾಹ್ನ.

ಅವನು ಚಾವಡಿಯಲ್ಲಿ ಕೂತು ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ. ದಪ್ಪಗಾಗಿದ್ದ. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದ.

"ಎಂತ ತಂದದ್ದು?" ಎಂದು ಕೇಳಿದ. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ.

"ಅಪ್ಪನ ಕಾರು."

"ಅದು ಹೋಗಿ ಎಷ್ಟು ವರ್ಷ ಆಯ್ತು ಮಾರಾಯ."

"ಕಳಿಸಿದವರು ನೀವೇ ಅಲ್ಲವಾ ಭಾವ, ವರ್ಷ ನಿಮಗೇ ಗೊತ್ತಿರ್ಬೇಕು."

ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ಎರಡು ವರ್ಷ ಮಳೆ ಕೈಕೊಟ್ಟಿತ್ತು. ಸುಗ್ಗಿ ಬೆಳೆ ಒಣಗ್ತಾ ಉಂಟು, ನಾನು ಕಾರಿಗೆ ಪೂಜೆ ಮಾಡ್ಲಾ?" ಎಂದ. ನಾನು ಪೆಟ್ಟಿಗೆ ಬಿಚ್ಚಿ, ಬೈರಾಸು ತೆಗೆದು, ಕಾರನ್ನು ಚಾವಡಿಯ ನೆಲದ ಮೇಲಿಟ್ಟೆ. ಯಾಕೆ ತಂದದ್ದು ಎಂಬುದನ್ನೂ ಹೇಳಿದೆ.

ಅವನು ಕೈ ಒರೆಸಿಕೊಂಡು ಹತ್ತಿರ ಬಂದು ಮಂಡಿಯೂರಿ ಕೂತ. ಮಡ್ಗಾರ್ಡಿನ ತಗ್ಗಿನ ಮೇಲೆ ಬೆರಳಾಡಿಸಿದ. ಹಿಂದಿನ ಸೀಟನ್ನು ಬಗ್ಗಿ ನೋಡಿದ. "ಹಿಂದಿನದ್ದು ಭಾರೀ ಲಾಯ್ಕಾಗಿದೆ" ಎಂದ. ಇಂಥವನ ಹೊಗಳಿಕೆ ನನಗೆ ಬೇಕಿರಲಿಲ್ಲ. ಆಮೇಲೆ ಅವನು ಹುಡ್ಡನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಮುಂಭಾಗವನ್ನು ನೋಡಿದ. ನೋಡಿ ನಕ್ಕ.

"ಇದೆಂತ ನಾಲ್ಕು ಮೀಟರು? ಮೂರೇ ಇದ್ದದ್ದು."

"ನಾಲ್ಕು. ನಾನು ಹತ್ತು ವರ್ಷ ನೋಡಿದ್ದೇನೆ."

"ಎಲ್ಲಿಂದ ನೋಡಿದ್ದು? ನಾಲ್ಕನೆಯದ್ದು ಕಿತ್ತುಹೋಗಿ ಬರೇ ತೂತು ಇತ್ತು. ಆ ತೂತಿಗೆ ಮಾವ ನಶ್ಯದ ಡಬ್ಬಿ ಸಿಕ್ಕಿಸಿ ಇಡ್ತಿದ್ದರು. ಹಿತ್ತಾಳೆ ಡಬ್ಬಿ, ಹೊಳಪು."

ಆ ಡಬ್ಬಿ ನನಗೆ ಗೊತ್ತಿತ್ತು. ಅಪ್ಪನ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಕಾರು ಓಡಿಸುವಾಗ ಎಲ್ಲಿರುತ್ತಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ಇದೂ ತಪ್ಪು" ಎಂದು ಅವನು ಕಿರುಬೆರಳನ್ನು ಪೆಡಲುಗಳ ಹತ್ತಿರಕ್ಕೆ ತೂರಿಸಿದ. "ನಡುವೆ ಇರ್ಬೇಕಾದ್ದು ಎಕ್ಸಲೇಟರ್. ಬಲಕ್ಕೆ ಬ್ರೇಕು."

"ಹಾಗೆ ಯಾವ ಕಾರಿನಲ್ಲಿಯೂ ಇರುವುದಿಲ್ಲ. ಬೆಳ್ತಂಗಡಿ ಡಾಕ್ಟರ ಕಾರು ನೋಡಿ ಬಂದು ಮಾಡಿದ್ದೇನೆ."

"ಡಾಕ್ಟರದ್ದು ಆಮೇಲಿನ ಕಾರು ಮಾರಾಯ. ಇದರಲ್ಲಿ ನಡುವೆಯೇ. ನಾನು ಕಲಿಯುವ ಮೊದಲ ದಿನ, ಬ್ರೇಕು ಅಂತ ನಡುವಿನದ್ದನ್ನು ಒತ್ತಿ ಸೀದಾ ಕೆಸರು ಗದ್ದೆಗೆ ಇಳಿಸಿದ್ದೇನೆ. ಮಾವ ಬೈತಾರೆ ಅಂತ ನಾನು ಕಣ್ಣು ಮುಚ್ಚಿ ಕೂತಿದ್ದೆ. ನೋಡಿದ್ರೆ ಅವರು ಹೊಟ್ಟೆ ಹಿಡ್ಕೊಂಡು ನಗಾಡ್ತಾ ಇದ್ದಾರೆ. ಕಣ್ಣಲ್ಲಿ ನೀರು."

ಅವನು ಸುಳ್ಳು ಹೇಳುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಸುಳ್ಳಾಗಿರಲಿ ಎಂದು ಬಯಸಿದೆ. ಅಪ್ಪ ಹೊಟ್ಟೆ ಹಿಡಿದು ನಗುವುದನ್ನು ನಾನು ಕಂಡಿಲ್ಲ. ಅಪ್ಪ ಎಂದರೆ ನನಗೆ ಒಂದು ಬೆನ್ನು, ಒಂದು ಕತ್ತು, ಕಿವಿಯ ಹಿಂದಿನ ಎರಡು ನರೆಗೂದಲು. ಅಷ್ಟನ್ನು ಮೂರು ವರ್ಷ ಕೂತು ಕಣ್ಣು ಹಾಳುಮಾಡಿಕೊಂಡು ಕೆತ್ತಿದ್ದೆ. ನನ್ನ ತಪ್ಪು ಅಲ್ಲಿಯೇ ಇತ್ತು. ಬೆನ್ನು ಕಂಡಷ್ಟಕ್ಕೆ ಎಲ್ಲ ಕಂಡೆ ಎಂದುಕೊಂಡಿದ್ದೆ.

ಪೆಟ್ಟಿಗೆಗೆ ತುಂಬಿ ಅಲ್ಲಿಂದಲೇ ಹಿಂದಿರುಗುವ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ತಪ್ಪಿರುವ ಕಾರನ್ನು ಅಪ್ಪನ ಮುಂದೆ ಇಡುವುದೂ ಆಗದು, ಇಡದೆ ಹೋಗುವುದೂ ಆಗದು. ಡಬ್ಬಿ ಬಿಚ್ಚಿ ಅರ, ಚಿಮುಟ ತೆಗೆದೆ. ಚಾವಡಿಯ ಬೆಳಕಿಗೆ ಕೂತು ಪೆಡಲುಗಳನ್ನು ಕಿತ್ತೆ. ನಾಲ್ಕನೆಯ ಮೀಟರನ್ನು ಕಿತ್ತು, ಹಿತ್ತಾಳೆಯ ಗುಂಡುಸೂಜಿಯ ತಲೆಯನ್ನು ಚಪ್ಪಟೆ ಮಾಡಿ ನಶ್ಯದ ಡಬ್ಬಿ ಕೂರಿಸಿದೆ. ಅವನು ನನ್ನ ತಲೆಯ ಮೇಲೆಯೇ ನಿಂತು, "ಇನ್ನು ಸ್ವಲ್ಪ ಬಲಕ್ಕೆ, ಅಷ್ಟಲ್ಲ" ಎನ್ನುತ್ತಿದ್ದ. ಬ್ರೇಕಿನ ರಬ್ಬರು ಸವೆದು ಕಾಲು ಜಾರುತ್ತಿತ್ತಂತೆ, ಅಪ್ಪ ಅದಕ್ಕೆ ತೊಗಲಿನ ಪಟ್ಟಿ ಸುತ್ತಿದ್ದರಂತೆ. ನನ್ನ ಚಪ್ಪಲಿಯ ಬಾರಿನಿಂದ ಒಂದು ಎಳೆ ಕುಯ್ದು ಸುತ್ತಿದೆ. ಹೇಳಿದ್ದೆಲ್ಲ ಸರಿ ಎಂದು ಕೈಗೆ ಗೊತ್ತಾಗುತ್ತಿತ್ತು. ಸರಿಯಾದಷ್ಟೂ ಅವನ ಮೇಲೆ ಸಿಟ್ಟು ಹೆಚ್ಚಿತು. ನನ್ನ ಅಪ್ಪನನ್ನು ನಾನು ಅವನ ಬಾಯಿಂದ ಕೇಳಿ ಮಾಡಬೇಕಾಗಿತ್ತಲ್ಲ. ಎರಡು ಗಂಟೆ ಹಿಡಿಯಿತು. ನಡುವೆ ಅವನ ಹೆಂಡತಿ ತಂದಿಟ್ಟ ಚಹಾವನ್ನು ನಾನು ಮುಟ್ಟಲಿಲ್ಲ.

ಹೊತ್ತು ಮುಳುಗುವ ಮೊದಲು ಒಳಕೋಣೆಯಲ್ಲಿ ಎಲೆ ಹಾಕಿದರು. ಏಳು ಎಲೆ, ಮೊದಲನೆಯದು ಅಪ್ಪನದು. ರೊಟ್ಟಿ, ಕೋಳಿ ಸಾರು, ಲೋಟದಲ್ಲಿ ಕಳ್ಳು. ಆ ಬಳಿಯವರು ಮಾತ್ರ ಒಳಗೆ ಹೋದರು. ನಾನು ಬೇರೆ ಬಳಿಯವನು, ಹೊಸ್ತಿಲ ಹೊರಗೆ ನಿಂತೆ. ಕಾರನ್ನು ನಾನೇ ಇಡುತ್ತೇನೆಂದು ಬಾಯಿ ತೆರೆಯುವ ಮೊದಲೇ ಅವನು ಎರಡು ಕೈಯಲ್ಲಿ ಅದನ್ನು ಎತ್ತಿಕೊಂಡು ಒಳಗೆ ನಡೆದ. ಎಲೆಯ ಎದುರು ಕೂತು, ಬಲಬದಿಯಲ್ಲಿ ಇಟ್ಟು, "ಮಾವ, ನಿಮ್ಮ ಕಾರು ಬಂದಿದೆ. ಊಟ ಮಾಡಿ" ಎಂದ.

ಬಂದಿದೆಯಂತೆ. ತಾನಾಗಿಯೇ ಓಡಿಕೊಂಡು ಬಂದ ಹಾಗೆ! ಹಿರಿಯರನ್ನು ಕರೆಯುವ ಹೊತ್ತಿನಲ್ಲಿ ಹೊರಗಿನವರು ಮಾತಾಡಬಾರದು, ನನಗೂ ಗೊತ್ತಿತ್ತು. ಆದರೂ ಬಾಗಿಲ ಹೊರಗಿನಿಂದ ಕೂಗಿಯೇ ಬಿಟ್ಟೆ.

"ಅಪ್ಪ, ಅದನ್ನು ಮಾಡಿದ್ದು ನಾನು!"

ಒಳಗಿದ್ದವರೆಲ್ಲ ತಿರುಗಿ ನೋಡಿದರು. ಮುದುಕಿಯೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನು ಮಾತ್ರ ತಿರುಗಲಿಲ್ಲ. ಎಲೆಯನ್ನೇ ನೋಡುತ್ತ ಹೇಳಿದ:

"ಕಾರಿನಲ್ಲಿಯೂ ನೀನು ಹೀಗೇ ಹಿಂದಿನಿಂದ ಕೂಗ್ತಿದ್ದೆ. ಎಂಜಿನ್ನಿನ ಶಬ್ದಕ್ಕೆ ಮಾವನಿಗೆ ಒಂದು ದಿನವೂ ಕೇಳಿಸಿದ್ದಿಲ್ಲ. ನನಗೆ ಕೇಳಿಸ್ತಿತ್ತು, ನಾನು ಹೇಳ್ತಿರ್ಲಿಲ್ಲ. ಮುಂದೆ ಬಂದು ಹೇಳು."

"ಬೇರೆ ಬಳಿಯವರು ಒಳಗೆ ಬರ್ಲಿಕ್ಕುಂಟಾ?" ಎಂದರು ಆ ಮುದುಕಿ.

ಅವನು ಕೂತಲ್ಲಿಂದಲೇ ಒಂದು ಮೊಳ ಎಡಕ್ಕೆ ಸರಿದು ಜಾಗ ಮಾಡಿದ.

ನಾನು ಹೊಸ್ತಿಲು ದಾಟಿ ಹೋಗಿ ಅವನ ಪಕ್ಕದಲ್ಲಿ ಕೂತೆ. ಹೇಳಬೇಕೆಂದು ಮೂರು ವರ್ಷ ಬಾಯಿಪಾಠ ಮಾಡಿದ್ದ ದೂರು ನಾಲಿಗೆಯ ತುದಿಯಲ್ಲಿತ್ತು: ಎರಡು ಟ್ರಂಕು, ಪಂಪು, ಕೋಳಿ, ಎತ್ತಿನ ಗಾಡಿ. ಜೊತೆಗೆ ಅವನು ಈಗಷ್ಟೇ ಒಪ್ಪಿಕೊಂಡದ್ದು. ಎದುರಿಗೆ ಎಲೆ, ರೊಟ್ಟಿಯ ಆವಿ, ಪಕ್ಕದಲ್ಲಿ ಅವನ ಉಸಿರಾಟ. ಎಲ್ಲರೂ ಕಾಯುತ್ತಿದ್ದರು.

"ಅಪ್ಪ, ಎಕ್ಸಲೇಟರ್ ನಡುವೆ ಇಟ್ಟಿದ್ದೇನೆ" ಎಂದೆ. ಅಷ್ಟೇ ಬಂತು.

ಆಮೇಲೆ ನಾವೆಲ್ಲ ಹೊರಗೆ ಬಂದೆವು, ಹಿರಿಯರ ಊಟಕ್ಕೆಂದು ಬಾಗಿಲು ಮುಚ್ಚಿದರು. ಚಾವಡಿಯಲ್ಲಿ ಅವನೂ ನಾನೂ ಎರಡು ಕಂಬಕ್ಕೆ ಒರಗಿ ನಿಂತೆವು. ಅವನು ಮಾಡಿದ ಉಳಿದೆಲ್ಲವನ್ನೂ ನಾನು ಈ ಇಷ್ಟು ವರ್ಷಗಳಲ್ಲಿ ಬೈದು ಬೈದು ಸವೆಸಿದ್ದೇನೆ. ಅವತ್ತು ಸರಿದು ಜಾಗ ಕೊಟ್ಟನಲ್ಲ, ಅದೊಂದಕ್ಕೆ ಮಾತ್ರ ಬೈಯಲು ಮಾತು ಸಿಗಲಿಲ್ಲ. ಅದಕ್ಕಾಗಿಯೇ ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ.